ಬೆಂದ ಮಣ್ಣಿನ ಚರಿತ್ರೆ: ಠಾಣೆಯ ರಾಬ್ ಮತ್ತು ಕರಾವಳಿಯ ಸುಡುಮಣ್ಣು

1

ಇಟ್ಟಿಗೆಯ ಚೂರು, ಒಡೆದ ಹಂಚು, ಭತ್ತದ ಹೊಟ್ಟು, ಮರದ ಹುಡಿ ಮೊದಲಾದ ತ್ಯಾಜ್ಯಗಳನ್ನು ಜೇಡಿಮಣ್ಣಿನೊಡನೆ ಸೇರಿಸಿ ಸುಟ್ಟು, ರಂಧ್ರಮಯವಾದ ಹಗುರ ಹರಳುಗಳನ್ನು ತಯಾರಿಸಿ ಅವುಗಳಿಂದ ಕೃಷಿಭೂಮಿಯ ಗುಣವನ್ನು ಸುಧಾರಿಸುವ ಪ್ರಯತ್ನಗಳು ಇಂದು ಹಲವು ದೇಶಗಳಲ್ಲಿ ನಡೆಯುತ್ತಿವೆ. ನೀರು ನಿಲ್ಲುವ ನೆಲದಲ್ಲಿ ಅದು ಬಸಿದುಹೋಗುವಂತೆ ಮಾಡುವುದು, ನೀರು ನಿಲ್ಲದ ನೆಲದಲ್ಲಿ ತೇವವನ್ನು ಹಿಡಿದಿಡುವುದು, ಬೇರಿಗೆ ಗಾಳಿಯನ್ನು ಒದಗಿಸುವುದು ಈ ಹರಳುಗಳ ಕೆಲಸ. ಇದನ್ನು ತೀರ ಈಚಿನ ಆವಿಷ್ಕಾರವೆಂಬಂತೆ ವಿವರಿಸುವುದು ರೂಢಿಯಾಗಿದೆ. ಮಣ್ಣನ್ನು ಬೆಂಕಿಗೆ ಒಡ್ಡಿ, ಬೆಂದ ಮಣ್ಣನ್ನು ಹಸಿ ಮಣ್ಣಿಗೆ ಬೆರೆಸಿ ಬೆಳೆ ತೆಗೆಯುವ ಕ್ರಮವು ಭಾರತದ ಪಶ್ಚಿಮ ಕರಾವಳಿಯ ರೈತರಿಗೆ ಬಹುಕಾಲದಿಂದ ಪರಿಚಿತವಾದುದು. ಉತ್ತರದಲ್ಲಿ ಠಾಣೆ, ಕುಲಾಬಾಗಳ ಮರಾಠಿ ರೈತರು ಇದನ್ನು ‘ರಾಬ್’ ಎಂದು ಕರೆದರು. ದಕ್ಷಿಣದಲ್ಲಿ ಉಡುಪಿ, ಮಂಗಳೂರು, ಕಾಸರಗೋಡುಗಳ ಕನ್ನಡ ತುಳು ರೈತರು ‘ಸುಡುಮಣ್ಣು’ ಎಂದರು.

ಈ ಎರಡು ಪದ್ಧತಿಗಳು ಒಂದೇ ಅಲ್ಲ. ಆದರೂ ಇವನ್ನು ಒಟ್ಟಿಗೆ ಇಟ್ಟು ನೋಡುವುದಕ್ಕೆ ಕಾರಣಗಳಿವೆ. ಪ್ರಸ್ತುತ ಪ್ರಬಂಧದಲ್ಲಿ ನಾವು ಇವುಗಳ ಚರಿತ್ರೆಯನ್ನು ಸ್ಥೂಲವಾಗಿ ಗುರುತಿಸಿ, ಆ ಚರಿತ್ರೆಗೆ ಆಧಾರವಾಗಬಲ್ಲ ಭಾಷಿಕ ಸಾಮಗ್ರಿಯತ್ತ ವಿದ್ವಾಂಸರ ಗಮನವನ್ನು ಸೆಳೆಯಬಯಸುತ್ತೇವೆ. ನಮ್ಮ ವೀಕ್ಷಣೆಯ ನೆಲೆ ನವಿ ಮುಂಬಯಿಯ ನೆರೂಳ. ಒಂದು ಕಾಲಕ್ಕೆ ಠಾಣೆ ಜಿಲ್ಲೆಯ ಭತ್ತದ ಹಳ್ಳಿಯಾಗಿದ್ದ ಈ ಸ್ಥಳವು ಇಂದು ಕರಾವಳಿ ಕರ್ನಾಟಕದಿಂದ ಹೋಗಿ ನೆಲೆಸಿದ ಅನೇಕ ಕುಟುಂಬಗಳ ವಾಸಸ್ಥಾನವಾಗಿದೆ. ರಾಬನ್ನು ಬಲ್ಲ ಮೂಲನಿವಾಸಿಗಳೂ ಸುಡುಮಣ್ಣನ್ನು ಬಲ್ಲ ವಲಸಿಗರೂ ಒಂದೇ ಊರಿನಲ್ಲಿದ್ದಾರೆ. ಎರಡು ಪದ್ಧತಿಗಳಿಗೂ ಅಲ್ಲಿ ಇಂದು ನೆಲವಿಲ್ಲ.

2

ಠಾಣೆ ಕರಾವಳಿಗೂ ಕನ್ನಡ ಅರಸುಮನೆತನಗಳಿಗೂ ಇದ್ದ ರಾಜಕೀಯ ಸಂಬಂಧ ಇತಿಹಾಸಜ್ಞರಿಗೆ ಹೊಸತಲ್ಲ. ಉತ್ತರ ಕೊಂಕಣದ ಶಿಲಾಹಾರರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿ ಆಳಿದವರು; ಅಮೋಘವರ್ಷನ ಕಾಲದ ಕಾನ್ಹೇರಿ ಗುಹಾಶಾಸನಗಳು ಅದಕ್ಕೆ ಸಾಕ್ಷಿ. ಆದರೆ ಶಾಸನಗಳು ದಾನ, ತೆರಿಗೆ, ಗಡಿಗಳನ್ನು ಹೇಳುತ್ತವೆಯೇ ಹೊರತು ಸಸಿಮಡಿಯನ್ನು ಹೇಗೆ ಹದಗೊಳಿಸುತ್ತಿದ್ದರೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ರಾಬಿನ ವಿವರವಾದ ಲಿಖಿತ ನಿರೂಪಣೆಗಾಗಿ ನಾವು 1882ರಲ್ಲಿ ಜೇಮ್ಸ್ ಕ್ಯಾಂಬೆಲ್ ಅವರ ಸಂಪಾದಕತ್ವದಲ್ಲಿ ಹೊರಬಂದ ಬೊಂಬಾಯಿ ಗೆಜೆಟಿಯರಿನ 13ನೆಯ ಸಂಪುಟದವರೆಗೆ, ಅಂದರೆ ಠಾಣೆ ಸಂಪುಟದವರೆಗೆ, ಬರಬೇಕಾಗುತ್ತದೆ.

ಕ್ರಮ ಹೀಗಿದೆ. ಭತ್ತದ ಸಸಿ ಬೆಳೆಸುವ ತುಂಡು ನೆಲವನ್ನು ಆಯ್ದು, ಬೇಸಗೆಯಲ್ಲಿ ಅದರ ಮೇಲೆ ಸಗಣಿ, ಮರದ ಸವರಿದ ಕೊಂಬೆ, ಎಲೆ, ಒಣಹುಲ್ಲುಗಳನ್ನು ಪದರ ಪದರವಾಗಿ ಹಾಸುತ್ತಾರೆ. ಎಲ್ಲಕ್ಕಿಂತ ಮೇಲೆ ಸಣ್ಣಗೆ ಪುಡಿಮಾಡಿದ ಮಣ್ಣನ್ನು ಉದುರಿಸುತ್ತಾರೆ. ಗಾಳಿಗೆ ಎದುರಾಗಿ ಬೆಂಕಿ ನಿಧಾನವಾಗಿ ಸಾಗುವಂತೆ ಒಂದು ಬದಿಯಿಂದ ಕಿಚ್ಚು ಹಚ್ಚುತ್ತಾರೆ. ಮೇಲಿನ ಮಣ್ಣಿನ ಹೊದಿಕೆ ಬೆಂಕಿಯನ್ನು ಹತ್ತಿಕ್ಕುತ್ತದೆ. ಸೊಪ್ಪು ಭಗ್ಗನೆ ಉರಿದುಹೋಗುವ ಬದಲು ಹೊಗೆಯಾಡುತ್ತ ಕನಲುತ್ತದೆ. ಕೆಳಗಿನ ನೆಲಕ್ಕೆ ಕಾವು ಇಳಿಯುತ್ತದೆ. ಮಳೆ ಬಿದ್ದೊಡನೆ ಅದೇ ನೆಲದಲ್ಲಿ ಬೀಜ ಬಿತ್ತಿ, ಸಸಿಗಳು ಬಲಿತ ಮೇಲೆ ಕಿತ್ತು ಗದ್ದೆಯಲ್ಲಿ ನಾಟಿಮಾಡುತ್ತಾರೆ. ಸವರಲು ಬಳಸುತ್ತಿದ್ದ ಮರಗಳಲ್ಲಿ ‘ಐನ್’ ಮುಖ್ಯವಾದುದು. ಕನ್ನಡದ ಮತ್ತಿಮರವೇ ಅದು.

ನೆರೂಳದ ಸುತ್ತಿನ ಭೂಮಿಯನ್ನು ಈ ಸಂದರ್ಭದಲ್ಲಿ ಎರಡಾಗಿ ವಿಂಗಡಿಸಿ ನೋಡಬೇಕು. ಖಾರಿಯ ಅಂಚಿನಲ್ಲಿ ಒಡ್ಡು ಕಟ್ಟಿ ಸಮುದ್ರದಿಂದ ಗೆದ್ದುಕೊಂಡ ಉಪ್ಪು ಗದ್ದೆಗಳು ಒಂದು ಬಗೆ. 1948ರ ಬೊಂಬಾಯಿ ಖಾರಭೂಮಿ ಕಾಯಿದೆ ಇಂಥ ಗದ್ದೆಗಳ ಒಡ್ಡುಗಳ ರಕ್ಷಣೆಯನ್ನು ಕುರಿತದ್ದು. ಇವುಗಳಲ್ಲಿ ಉಳುಮೆಗೂ ಗೊಬ್ಬರಕ್ಕೂ ಅಷ್ಟು ಪ್ರಾಶಸ್ತ್ಯವಿರಲಿಲ್ಲ. ಗುಡ್ಡಗಳ ತಪ್ಪಲಿನ ಸಿಹಿ ಗದ್ದೆಗಳು ಇನ್ನೊಂದು ಬಗೆ. ರಾಬ್ ಸಲ್ಲುತ್ತಿದ್ದುದು ಈ ಎರಡನೆಯ ಬಗೆಯ ನೆಲಕ್ಕೆ. ಅಂದರೆ ಬೆಂಕಿಯ ಬಳಕೆ ಅಂಧರೂಢಿಯಾಗಿರದೆ, ಯಾವ ಮಣ್ಣಿಗೆ ಅದು ಬೇಕು, ಯಾವುದಕ್ಕೆ ಬೇಡ ಎಂಬ ವಿವೇಚನೆಯನ್ನು ಒಳಗೊಂಡಿತ್ತು. ಒಂದೇ ಊರಿನ ಒಬ್ಬನೇ ರೈತ ಎರಡು ನೆಲಕ್ಕೆ ಎರಡು ನ್ಯಾಯವನ್ನು ಅನ್ವಯಿಸುತ್ತಿದ್ದುದು ಗಮನಾರ್ಹ.

3

ಕನ್ನಡ ಕರಾವಳಿಯ ಸುಡುಮಣ್ಣಿನ ರೀತಿ ಇದಕ್ಕಿಂತ ಸ್ವಲ್ಪ ಭಿನ್ನ. ರಾಬಿನಲ್ಲಿ ನೆಲದ ಮೇಲೆಯೇ ಬೆಂಕಿ; ಅಲ್ಲಿಯ ಮಣ್ಣು ಅಲ್ಲಿಯೇ ಬೇಯುತ್ತದೆ. ಸುಡುಮಣ್ಣಿನಲ್ಲಿ ಮಣ್ಣನ್ನು ಬೇರೆಡೆ ಬೇಯಿಸಿ ತಂದು ಹಾಕುತ್ತಾರೆ. ಮಳೆಗಾಲಕ್ಕೆ ಮುಂಚೆ ಅಂಗಳದ ಬದಿಯಲ್ಲೋ ತೋಟದ ಮೂಲೆಯಲ್ಲೋ ತರಗೆಲೆ, ಒಣಕಡ್ಡಿ, ತೆಂಗು ಅಡಿಕೆಗಳ ಸೋಗೆ, ಸಿಪ್ಪೆ, ಸಗಣಿಯ ಚೂರುಗಳನ್ನು ಒಟ್ಟಿ, ಅದರ ಮೇಲೆ ಕೆತ್ತಿ ತಂದ ಮಣ್ಣಿನ ಹೆಂಟೆಗಳನ್ನು ಏರಿಸುತ್ತಾರೆ. ಮತ್ತೆ ಸೊಪ್ಪು, ಮತ್ತೆ ಮಣ್ಣು. ಗುಪ್ಪೆಯನ್ನು ಕೊನೆಗೆ ಮಣ್ಣಿನಿಂದ ಮುಚ್ಚಿ ಬುಡದಲ್ಲಿ ಬೆಂಕಿ ಕೊಡುತ್ತಾರೆ. ಅದು ಕೆಲವು ದಿನಗಳವರೆಗೆ ಒಳಗೊಳಗೇ ಕನಲುತ್ತಿರುತ್ತದೆ. ಜ್ವಾಲೆ ಎದ್ದಲ್ಲಿ ಮಣ್ಣು ಹಾಕಿ ಅಡಗಿಸುವುದು ಇದರ ಮುಖ್ಯ ಕೌಶಲ. ತಣಿದ ಮೇಲೆ ಕೆದಕಿದರೆ ಕೆಂಪು, ಕಂದು, ಕಪ್ಪು ಬಣ್ಣಗಳ ಪುಡಿಯೂ ಹರಳೂ ಕೂಡಿದ ಹಗುರವಾದ ಮಣ್ಣು ದೊರೆಯುತ್ತದೆ. ಅದರಲ್ಲಿ ಬೂದಿಯಿದೆ, ಇದ್ದಲಿನ ಚೂರಿದೆ, ಅರೆಬೆಂದ ಜೇಡಿಯಿದೆ. ತರಕಾರಿ ಸಾಲುಗಳಿಗೆ, ಗೆಡ್ಡೆಗೆಣಸುಗಳಿಗೆ, ವೀಳ್ಯದೆಲೆ ಬಳ್ಳಿಗೆ, ಮಲ್ಲಿಗೆಯ ಬುಡಕ್ಕೆ ಇದನ್ನು ಹಟ್ಟಿಗೊಬ್ಬರದೊಡನೆ ಬಳಸುತ್ತಾರೆ.

ಹೊರನಾಡಿನ ಓದುಗರು ಸುಡುಮಣ್ಣನ್ನು ‘ಕುಮರಿ’ಯೊಂದಿಗೆ ಬೆರೆಸಿಕೊಳ್ಳಬಾರದು. ಕುಮರಿಯೆಂದರೆ ಕಾಡಿನ ತುಂಡನ್ನು ಕಡಿದು, ಸುಟ್ಟು, ಕೆಲಕಾಲ ಬೆಳೆದು, ಮುಂದಿನ ತುಂಡಿಗೆ ಹೋಗುವ ಸ್ಥಳಾಂತರ ಬೇಸಾಯ. ಸುಡುಮಣ್ಣು ನೆಲೆನಿಂತ ಒಕ್ಕಲಿನ ಹಿತ್ತಿಲ ಕೆಲಸ. ಆದರೆ ಎರಡಕ್ಕೂ ಕಾಡಿನ ಸೊಪ್ಪೇ ಆಧಾರವಾದುದರಿಂದ ಅರಣ್ಯ ಇಲಾಖೆಯ ಕಣ್ಣಿಗೆ ಇವು ಹತ್ತಿರದವುಗಳಾಗಿ ಕಂಡವು. ದಕ್ಷಿಣ ಕನ್ನಡದಲ್ಲಿ ವರ್ಗದಾರರಿಗೆ ಸಾಗುವಳಿ ಭೂಮಿಗೆ ತಾಗಿದ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ ತೆಗೆಯಲು ಇದ್ದ ‘ಕುಮ್ಕಿ’ ಸೌಲಭ್ಯ, ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಅಡಿಕೆ ತೋಟದ ಎಕರೆಯೊಂದಕ್ಕೆ ಗರಿಷ್ಠ 9 ಎಕರೆಯವರೆಗೆ ಬಿಟ್ಟುಕೊಟ್ಟ ‘ಸೊಪ್ಪಿನ ಬೆಟ್ಟ’, ಠಾಣೆಯ ರಾಬಿಗೆ ಬೇಕಾದ ಮರ ಸವರುವ ಹಕ್ಕು, ಇವು ಮೂರೂ ಒಂದೇ ಪ್ರಶ್ನೆಯ ಮೂರು ರೂಪಗಳು: ಗದ್ದೆಯ ಫಲವತ್ತತೆಗೆ ಕಾಡು ಎಷ್ಟು ತೆರಬೇಕು, ಅದನ್ನು ನಿರ್ಣಯಿಸುವವರು ಯಾರು? 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಬೊಂಬಾಯಿ ಪ್ರಾಂತಕ್ಕೆ ವರ್ಗಾವಣೆಯಾದ ಮೇಲೆ ಬೆಟ್ಟದ ಹಕ್ಕೂ ರಾಬಿನ ಹಕ್ಕೂ ಒಂದೇ ಸರ್ಕಾರದ ಕಡತಗಳಿಗೆ ಸೇರಿದವು.

4

ಇಲ್ಲಿ ನಾವು ಪದಗಳತ್ತ ತಿರುಗುವುದು ಅಪ್ರಸ್ತುತವಾಗಲಾರದು. ಲೋಕೋಪಯೋಗಿ ವಿದ್ಯೆಗಳನ್ನು ಕನ್ನಡದಲ್ಲಿ ಬರೆದಿಡುವ ಪರಂಪರೆ ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಂತರ್ಜಲದ ಪತ್ತೆಗೂ ವೃಕ್ಷಾಯುರ್ವೇದಕ್ಕೂ ಪ್ರತ್ಯೇಕ ಅಧ್ಯಾಯಗಳಿವೆ. (ಈ ಕಲ್ಯಾಣ ಇಂದಿನ ಬಸವಕಲ್ಯಾಣವೇ ಹೊರತು ಠಾಣೆ ಜಿಲ್ಲೆಯ ಕಲ್ಯಾಣವಲ್ಲ.) ಆದರೂ ಅಂಥ ಶಾಸ್ತ್ರಗ್ರಂಥಗಳು ಒಂದು ಬಗೆಯ ಜ್ಞಾನವನ್ನು ಮಾತ್ರ ಕಾಪಾಡಬಲ್ಲವು. ಹಿತ್ತಿಲ ಮೂಲೆಯಲ್ಲಿ ಬಹುಮಟ್ಟಿಗೆ ಹೆಂಗಸರೂ ಆಳುಗಳೂ ಮಾಡುತ್ತಿದ್ದ ಕೆಲಸದ ಜ್ಞಾನವು ಉಳಿದುಬಂದಿರುವುದು ಆಡುಮಾತಿನ ಕ್ರಿಯಾಪದಗಳಲ್ಲಿ.

ಮರಾಠಿಯಲ್ಲಿ ‘ರಾಬ್ ಭಾಜಣೆ’ ಎನ್ನುತ್ತಾರೆ. ‘ಭಾಜಣೆ’ ಎಂಬ ಧಾತು ಭಾಕರಿಗೆ, ಶೇಂಗಾಕ್ಕೆ, ಇಟ್ಟಿಗೆಗೆ ಸಲ್ಲುವಂಥದು. ಕಸವನ್ನು ಬೂದಿಮಾಡುವುದಕ್ಕೆ ಆ ಭಾಷೆಯಲ್ಲಿ ‘ಜಾಳಣೆ’ ಎಂಬ ಬೇರೆ ಧಾತುವಿದೆ. ಕನ್ನಡದಲ್ಲಿಯೂ ಹೆಚ್ಚುಕಡಿಮೆ ಇಂಥದೇ ಭೇದವನ್ನು ಕಾಣಬಹುದು. ಹಪ್ಪಳವನ್ನು ಸುಡುತ್ತೇವೆ, ಬದನೆಕಾಯಿಯನ್ನು ಸುಡುತ್ತೇವೆ, ಇಟ್ಟಿಗೆಯನ್ನೂ ಸುಣ್ಣದ ಚಿಪ್ಪನ್ನೂ ಸುಡುತ್ತೇವೆ; ಸೌದೆಯನ್ನು ಉರಿಸುತ್ತೇವೆ, ದೀಪವನ್ನು ಉರಿಸುತ್ತೇವೆ. ಉರಿಸುವಾಗ ವಸ್ತುವು ಬೆಂಕಿಗೆ ಆಹಾರ. ಸುಡುವಾಗ ಬೆಂಕಿಯು ವಸ್ತುವಿನ ಪಾಕಕ್ಕೆ ಸಾಧನ. ಹೆಣವನ್ನು ಸುಡುವುದು, ಮನೆ ಸುಟ್ಟುಹೋಗುವುದು ಮೊದಲಾದ ಪ್ರಯೋಗಗಳೂ ಇರುವುದರಿಂದ ಕನ್ನಡದ ಈ ಭೇದ ಮರಾಠಿಯಷ್ಟು ನಿಯತವಾದುದಲ್ಲವೆಂಬುದನ್ನು ಒಪ್ಪಬೇಕು. ಆದರೆ ಮಣ್ಣಿನ ವಿಷಯದಲ್ಲಿ ಸಂದಿಗ್ಧತೆಯಿಲ್ಲ. ಸುಟ್ಟ ಮೇಲೆ ಉಳಿಯುವ, ಉಳಿದು ಬೇರೊಂದು ಗುಣವನ್ನು ಪಡೆಯುವ ಪದಾರ್ಥವಾಗಿಯೇ ಮಣ್ಣು ಇಲ್ಲಿ ಗ್ರಹಿತವಾಗಿದೆ.

‘ಸುಡುಮಣ್ಣು’ ಎಂಬ ಸಮಾಸದ ಸ್ವರೂಪವೂ ವಿಚಾರಾರ್ಹ. ವೈಯಾಕರಣರು ಗಮಕಸಮಾಸಕ್ಕೆ ಕೊಡುವ ‘ಸುಡುಗಾಡು’, ‘ಉಡುದಾರ’ಗಳ ಸಾಲಿಗೆ ಇದು ಸೇರುತ್ತದೆ. ಪೂರ್ವಪದದಲ್ಲಿ ಧಾತು ಮಾತ್ರವಿದೆ, ಕಾಲವಾಚಕ ಪ್ರತ್ಯಯವಿಲ್ಲ. ‘ಸುಟ್ಟ ಮಣ್ಣು’ ಎಂದರೆ ಮುಗಿದ ಒಂದು ಕ್ರಿಯೆಯ ಫಲ. ‘ಸುಡುಮಣ್ಣು’ ಎಂದರೆ ಸುಡುವುದನ್ನೇ ತನ್ನ ಜಾತಿಯನ್ನಾಗಿ ಉಳ್ಳ ಮಣ್ಣು. ಕುಡಿನೀರಿನಂತೆ, ವರ್ಷವರ್ಷವೂ ಮಾಡಿ ಬಳಸುವ ಒಂದು ಪದಾರ್ಥದ ಹೆಸರು. ಆಕಸ್ಮಿಕವಾಗಿ ಬೆಂಕಿ ತಾಗಿದ ಮಣ್ಣಿಗೆ ಈ ಹೆಸರು ಸಲ್ಲದು. ಸಮಾಸವೊಂದು ಸಿದ್ಧವಾಗಿ ನಿಂತಿದೆಯೆಂದರೆ ಅದರ ಹಿಂದೆ ನಿಯತವಾದ ಒಂದು ತಯಾರಿಕೆ ಇದೆ ಎಂದೇ ಅರ್ಥ.

19ನೆಯ ಶತಮಾನದ ಇಂಗ್ಲಿಷ್ ದಾಖಲೆಗಳಲ್ಲಿ ಈ ಭೇದಗಳೆಲ್ಲ ಅಳಿಸಿಹೋದವು. ಭಾಜಣೆ, ಜಾಳಣೆ, ಸುಡು, ಉರಿಸು, ಎಲ್ಲಕ್ಕೂ ಅಲ್ಲಿ ಬೆಂಕಿ ಹಚ್ಚುವುದೆಂಬ ಒಂದೇ ಮಾತು ಸಾಕಾಯಿತು. ಪಾಕವಾಗಿದ್ದುದು ದಹನವಾಯಿತು, ದಹನವು ವಿನಾಶವಾಗಿ ಕಂಡಿತು. ಮುಂದಿನ ವಿವಾದದ ಬೀಜ ಭಾಗಶಃ ಈ ಭಾಷಾಂತರದಲ್ಲಿಯೇ ಇತ್ತೆಂದು ನಾವು ಭಾವಿಸುತ್ತೇವೆ.

5

1878ರ ಭಾರತೀಯ ಅರಣ್ಯ ಕಾಯಿದೆಯ ತರುವಾಯ ಠಾಣೆ, ಕುಲಾಬಾ ಜಿಲ್ಲೆಗಳಲ್ಲಿ ಮೀಸಲು ಅರಣ್ಯದ ಗಡಿಗಳು ಬಿಗಿಯಾದವು. ಮರ ಸವರುವುದು ನಿರ್ಬಂಧಕ್ಕೊಳಗಾಯಿತು. ರಾಬಿಗೆ ಸೊಪ್ಪಿಲ್ಲದೆ ಸಸಿಯಿಲ್ಲ, ಸಸಿಯಿಲ್ಲದೆ ಗದ್ದೆಯಿಲ್ಲ ಎಂಬುದು ರೈತರ ವಾದ. ರಾಬ್ ಕಾಡನ್ನು ಬೋಳಿಸುವ ದುಂದುಗಾರಿಕೆ, ಬೇರೆ ಗೊಬ್ಬರದಿಂದಲೂ ಸಸಿ ಬೆಳೆಸಬಹುದು ಎಂಬುದು ಹಲವು ಅರಣ್ಯಾಧಿಕಾರಿಗಳ ವಾದ. ಅಸಮಾಧಾನ ಬೆಳೆದು 1885ರಲ್ಲಿ ಬೊಂಬಾಯಿ ಅರಣ್ಯ ಆಯೋಗದ ನೇಮಕವಾಯಿತು. ಅದರ ವರದಿ 1887ರಲ್ಲಿ ಹೊರಬಂದಿತು. ಆಯೋಗದ ವಿಚಾರಣೆಯಲ್ಲಿ ರಾಬಿನ ಪ್ರಶ್ನೆಗೆ ಪ್ರಮುಖ ಸ್ಥಾನವಿತ್ತು. ಭತ್ತದ ಸಸಿಮಡಿಯ ಪದ್ಧತಿಯೊಂದು ಪ್ರಾಂತಮಟ್ಟದ ವಿಚಾರಣೆಗೆ ವಿಷಯವಾದುದು ವಿರಳ ಘಟನೆ.

ಅದೇ ವರ್ಷಗಳಲ್ಲಿ ಬೊಂಬಾಯಿ ಪ್ರಾಂತದ ಕೃಷಿ ನಿರ್ದೇಶಕರಾಗಿದ್ದ ಓಜಾನ್ ಅವರು ರಾಬನ್ನು ಕುರಿತು ಪ್ರಯೋಗಗಳನ್ನು ನಡೆಸಿದರು. ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ರಸಾಯನಶಾಸ್ತ್ರಜ್ಞರಾಗಿದ್ದು 1889ರಲ್ಲಿ ಭಾರತಕ್ಕೆ ಬಂದ ವೋಲ್ಕರ್ ಅವರು 1893ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ರಾಬಿನ ಪ್ರಶ್ನೆಯನ್ನು ಚರ್ಚಿಸಿದರು. 1909ರಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೇಂದ್ರದ ರಸೆಲ್ ಮತ್ತು ಹಚಿನ್‌ಸನ್ ಅವರು ಮಣ್ಣನ್ನು ಕಾಯಿಸುವುದರಿಂದ ಸಸ್ಯಾಹಾರ ಹೆಚ್ಚುವ ಬಗೆಗೆ ತಮ್ಮ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ಅನಂತರ 1912ರಲ್ಲಿ ಹೆರಾಲ್ಡ್ ಮ್ಯಾನ್, ಎನ್. ವಿ. ಜೋಶಿ ಮತ್ತು ಎನ್. ವಿ. ಕಾನಿಟ್ಕರ್ ಅವರು ಪಶ್ಚಿಮ ಭಾರತದ ರಾಬ್ ಪದ್ಧತಿಯನ್ನು ಕುರಿತ ಪ್ರಬಂಧವನ್ನು ಭಾರತೀಯ ಕೃಷಿ ಇಲಾಖೆಯ ರಸಾಯನ ಮಾಲಿಕೆಯಲ್ಲಿ ಹೊರತಂದರು. ಬೂದಿಯ ಗೊಬ್ಬರಗುಣವನ್ನು ಮಾತ್ರ ಲೆಕ್ಕಿಸದೆ ನೆಲಕ್ಕೆ ತಾಗಿದ ಕಾವಿನ ಪರಿಣಾಮವನ್ನೂ ಅವರು ಪರಿಶೀಲಿಸಿದುದು ಈ ಅಧ್ಯಯನದ ವೈಶಿಷ್ಟ್ಯ. ರೈತನ ಭಾಜಣೆ ಎಂಬ ಧಾತು ಮೊದಲಿನಿಂದಲೂ ಹೇಳುತ್ತಿದ್ದುದು ಕಾವಿನ ಮಾತನ್ನೇ. ಪ್ರಯೋಗಶಾಲೆ ಅದನ್ನು ಕೇಳಿಸಿಕೊಳ್ಳುವ ವೇಳೆಗೆ ಅರಣ್ಯ ಆಯೋಗದ ವರದಿ ಬಂದು ಕಾಲು ಶತಮಾನ ಸಂದಿತ್ತು.

ಈ ಸಂದರ್ಭದಲ್ಲಿ ಕನ್ನಡ ನಾಡಿಗೆ ಸಂಬಂಧಿಸಿದ ಇನ್ನೊಬ್ಬ ವ್ಯಕ್ತಿಯನ್ನು ನೆನೆಯಬಹುದು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಬ್ರಿಟಿಷ್ ಸೇನೆಯ ಸರ್ವೇಯರ್ ಜನರಲ್ ಆಗಿದ್ದು, ಟಿಪ್ಪುವಿನೊಡನೆ ನಡೆದ ಆ ಯುದ್ಧದ ಚರಿತ್ರೆಯನ್ನೂ ಬರೆದ ಅಲೆಕ್ಸಾಂಡರ್ ಬೀಟ್‌ಸನ್, ಮುಂದೆ ಸೇಂಟ್ ಹೆಲೆನಾ ದ್ವೀಪದ ಗವರ್ನರ್ ಆಗಿ, ನಿವೃತ್ತನಾದ ಬಳಿಕ ಸಸೆಕ್ಸ್‌ನ ನೋಲ್ ಫಾರ್ಮಿನಲ್ಲಿ ಬೇಸಾಯಕ್ಕೆ ತೊಡಗಿದ. ಸುಣ್ಣ, ಸಗಣಿ, ಬೀಳುಬಿಡುವಿಕೆಗಳಿಲ್ಲದೆ ಬೆಳೆ ತೆಗೆಯುವ ಹೊಸ ಪದ್ಧತಿಯೆಂದು 1820ರಲ್ಲಿ ಆತ ಪ್ರಕಟಿಸಿದ ಪುಸ್ತಕದಲ್ಲಿ ಸುಟ್ಟ ಜೇಡಿಮಣ್ಣಿಗೆ ಮುಖ್ಯ ಪಾತ್ರವಿದೆ. ಇದನ್ನು ಮೈಸೂರಿನಿಂದ ಕೊಂಡೊಯ್ದ ವಿದ್ಯೆಯೆಂದು ಸಾರಲು ಹೊರಡುವುದು ಉತ್ಸಾಹದ ಮಾತಾದೀತು. ಹುಲ್ಲುಹೆಂಟೆಗಳನ್ನು ಕೆತ್ತಿ ಸುಡುವ ರೂಢಿ ಇಂಗ್ಲೆಂಡಿನ ರೈತರಲ್ಲಿಯೂ ಹಳೆಯದು. ನಮ್ಮ ಆಸಕ್ತಿ ಇರುವುದು ಬೇರೆಡೆ. ಸಸೆಕ್ಸ್‌ನಲ್ಲಿ ಸುಟ್ಟ ಮಣ್ಣು ಒಬ್ಬ ಜನರಲ್ಲನ ಹೆಸರಿನಲ್ಲಿ ಪುಸ್ತಕವಾಯಿತು, ‘ಹೊಸ ಪದ್ಧತಿ’ ಎನಿಸಿಕೊಂಡಿತು. ಠಾಣೆಯಲ್ಲಿ ಅದೇ ಶತಮಾನದಲ್ಲಿ ಅದು ವಿಚಾರಣೆಗೆ ಒಳಗಾದ ಹಳೆಯ ಚಾಳಿಯಾಯಿತು.

6

ಇನ್ನು ಬೆಂಕಿಯಲ್ಲಿ ಮಣ್ಣಿಗೆ ಆಗುವುದೇನೆಂಬುದನ್ನು ಸಂಕ್ಷೇಪವಾಗಿ ನೋಡೋಣ. ಈ ವಿವರ ತಿಳಿಯದೆ ಪದಗಳ ಭೇದವೂ ಅರ್ಥವಾಗಲಾರದು. ಸುಮಾರು 200ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗಿನ ಕಾವಿನಲ್ಲಿ ಮಣ್ಣಿನೊಳಗಿನ ಜೈವಿಕ ಪದಾರ್ಥದ ಸಾರಜನಕ ಭಾಗಶಃ ಅಮೋನಿಯಂ ರೂಪಕ್ಕೆ ಬಂದು ಸಸಿಗೆ ಸುಲಭವಾಗಿ ದಕ್ಕುತ್ತದೆ. ಕರಾವಳಿಯ ಜಂಬಿಟ್ಟಿಗೆ ನೆಲದ ಹಳದಿ ಕಬ್ಬಿಣದ ಖನಿಜ ಇದೇ ಹಂತದ ಆಸುಪಾಸಿನಲ್ಲಿ ಕೆಂಪಾಗುತ್ತದೆ. ಕಳೆಯ ಬೀಜಗಳೂ ಕೀಟದ ಮೊಟ್ಟೆಗಳೂ ಇದಕ್ಕೆ ಬಹಳ ಮೊದಲೇ ನಾಶವಾಗುತ್ತವೆ. ಸುಮಾರು 450ರಿಂದ 600 ಡಿಗ್ರಿಯ ನಡುವೆ ಕೆಯೊಲಿನೈಟ್ ಎಂಬ ಜೇಡಿಖನಿಜವು ತನ್ನ ರಚನೆಯೊಳಗಿನ ನೀರನ್ನು ಕಳೆದುಕೊಳ್ಳುತ್ತದೆ. ಆಮೇಲೆ ಅದು ನೀರು ತಾಗಿದರೆ ಮತ್ತೆ ಕೆಸರಾಗುವುದಿಲ್ಲ. ಮಡಕೆ, ಇಟ್ಟಿಗೆಗಳ ಲೋಕ ಇಲ್ಲಿಂದ ಆರಂಭ. ಕಾವು ಇನ್ನೂ ಏರಿ ಸುಮಾರು 1000 ಡಿಗ್ರಿಯನ್ನು ಮೀರಿದಂತೆ ಜೇಡಿ ಗಾಜುಗಟ್ಟತೊಡಗಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ.

ಇಲ್ಲಿ ಒಂದು ವಿನಿಮಯವಿದೆ. ಮಣ್ಣು ಚೆನ್ನಾಗಿ ಬೆಂದಷ್ಟೂ ಅದರ ರಂಧ್ರಗಳು ಸ್ಥಿರವಾಗುತ್ತವೆ. ಆದರೆ ಸಸ್ಯಾಹಾರವನ್ನು ಹಿಡಿದಿಟ್ಟು ಬೇರಿಗೆ ಕೊಡುವ ಜೇಡಿಯ ಸಹಜ ಶಕ್ತಿ ಕುಂದುತ್ತದೆ. ಕಡಿಮೆ ಬೆಂದ ಮಣ್ಣು ಉಣಿಸುತ್ತದೆ, ಆದರೆ ಕೆಲವು ಮಳೆಗಾಲಗಳಲ್ಲಿ ಮತ್ತೆ ಮಣ್ಣಾಗುತ್ತದೆ. ಹೆಚ್ಚು ಬೆಂದ ಮಣ್ಣು ಬಾಳುತ್ತದೆ, ಆದರೆ ತಾನಾಗಿ ಉಣಿಸದು. ಕರಾವಳಿಯ ರೂಢಿ ಈ ಎರಡನ್ನೂ ಬೇರೆಬೇರೆಯಾಗಿ ಬಳಸಿತು. ಉಣಿಸುವ ಕೆಲಸ ಸುಡುಮಣ್ಣಿನದು; ಅದನ್ನು ಗುಪ್ಪೆಯಲ್ಲಿ ಹತ್ತಿಕ್ಕಿದ ಬೆಂಕಿಯಿಂದ ತಯಾರಿಸಿದರು. ಬಸಿಯುವ ಕೆಲಸ ಬೋಕಿಯದು, ಹಂಚಿನ ಚೂರಿನದು; ಅದನ್ನು ಕುಂಬಾರನ ಆವಿಗೆಯ ಪೂರ್ಣ ಬೆಂಕಿಯಿಂದ ಪಡೆದರು, ಒಡೆದ ಮೇಲೆ ಗಿಡದ ಬುಡಕ್ಕೆ ಹಾಕಿದರು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಅವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಈ ಎರಡನೆಯ ಸಾಮಗ್ರಿ ಹೇರಳವಾಯಿತು. ಮಂಗಳೂರು ಹಂಚು ಕೊಂಕಣದ ಮನೆಗಳ ಮೇಲೂ ಏರಿತು. ಮರಾಠಿಯಲ್ಲಿ ಇಂದಿಗೂ ‘ಮಂಗಲೋರಿ ಕೌಲ’ವೆಂಬ ಹೆಸರಿದೆ. ಹಳೆಯ ಮನೆ ಉರುಳಿದಾಗ ಆ ಹಂಚಿನ ಚೂರೇ ಹೂಕುಂಡದ ತಳಕ್ಕೆ ಬರುತ್ತದೆ.

ಮಣ್ಣಿನ ಪಾತ್ರೆಯ ರಂಧ್ರಗುಣವನ್ನು ಬೇರೊಂದು ರೀತಿಯಲ್ಲಿ ಬಳಸಿದ ನಿದರ್ಶನವೆಂದರೆ ಹೂತ ಮಡಕೆಯ ನೀರಾವರಿ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಚೀನೀ ಕೃಷಿಗ್ರಂಥ ‘ಫಾನ್ ಶೆಂಗ್‌ಝಿ ಶು’ ಅದನ್ನು ವಿವರಿಸುತ್ತದೆ. ಕರ್ನಾಲ್‌ನ ಕೇಂದ್ರೀಯ ಲವಣಭೂಮಿ ಸಂಶೋಧನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಅದನ್ನು ಕುರಿತು ಪ್ರಯೋಗಗಳು ನಡೆದವು. ದಖ್ಖನಿನಲ್ಲಿ ಹಾಳೂರಿನ ದಿಬ್ಬದ ಬೂದಿಬಣ್ಣದ ಮಣ್ಣನ್ನು, ಅಂದರೆ ಬೂದಿ, ಎಲುಬು, ಬೋಕಿಗಳಿಂದ ಕೂಡಿದ ಮರಾಠಿಯ ‘ಪಾಂಢರಿ’ಯನ್ನು, ಅಗೆದು ಹೊಲಕ್ಕೆ ಸಾಗಿಸುವ ರೂಢಿಯೂ ಇದೇ ಕುಲಕ್ಕೆ ಸೇರಿದ್ದು. ಪುರಾತತ್ತ್ವಜ್ಞನಿಗೆ ಅದು ಸಾಕ್ಷ್ಯನಾಶ. ರೈತನಿಗೆ ಪೂರ್ವಿಕರ ಒಲೆ ಮಡಕೆಗಳೇ ಗೊಬ್ಬರವಾಗಿ ಮರಳುವುದು. ಅಮೆಜಾನ್ ಕಣಿವೆಯ ಪ್ರಸಿದ್ಧ ಕಪ್ಪುಮಣ್ಣಿನಲ್ಲಿಯೂ ಇದ್ದಲು ಮತ್ತು ಬೋಕಿಗಳು ಕೂಡಿಯೇ ದೊರೆಯುತ್ತವೆ.

ಈಗಿನ ರಂಧ್ರಮಯ ಹರಳುಗಳ ತಯಾರಕರು ಸುಡುಮಣ್ಣಿನ ಗುಣವನ್ನೂ ಬೋಕಿಯ ಗುಣವನ್ನೂ ಒಂದೇ ಪದಾರ್ಥದಿಂದ ನಿರೀಕ್ಷಿಸುತ್ತಾರೆ. ಜೇಡಿಯಲ್ಲಿ ಬೆರೆಸಿದ ಹೊಟ್ಟು ಉರಿದುಹೋಗಿ ಅದರ ಜಾಗದಲ್ಲಿ ರಂಧ್ರ ಉಳಿಯುವುದು ನಿಜ. ಆದರೆ ಆ ರಂಧ್ರ ಬರಿದು. ಇದ್ದಲು, ಕಾಂಪೋಸ್ಟುಗಳಿಂದ ಅದನ್ನು ತುಂಬದೆ ಹರಳು ಮಣ್ಣಿಗೆ ಎಡೆಯನ್ನು ಕೊಟ್ಟೀತೇ ವಿನಾ ಆಹಾರವನ್ನು ಕೊಡಲಾರದು. ನಮ್ಮ ರೈತರು ಸುಡುಮಣ್ಣಿಗೆ ಹಟ್ಟಿಗೊಬ್ಬರವನ್ನು ಕೂಡಿಸಿಯೇ ಹಾಕುತ್ತಿದ್ದುದರ ಔಚಿತ್ಯವನ್ನು ಇಲ್ಲಿ ಕಾಣಬಹುದು.

7

ಮತ್ತೆ ನೆರೂಳಕ್ಕೆ ಬರೋಣ. 1970ರಲ್ಲಿ ಸಿಡ್ಕೋ ಸಂಸ್ಥೆ ಸ್ಥಾಪನೆಗೊಂಡು ಹೊಸ ನಗರದ ನಿರ್ಮಾಣಕ್ಕಾಗಿ ಈ ಪ್ರದೇಶದ ಹಳ್ಳಿಗಳ ಭೂಮಿಯ ಸ್ವಾಧೀನ ಆರಂಭವಾಯಿತು. ಗದ್ದೆಗಳೂ ಉಪ್ಪಿನ ಹರಹುಗಳೂ ಸೆಕ್ಟರುಗಳಾದವು. ನೆರೂಳ, ಶಿರವಣೆ, ಕರಾವೆ, ದಾರಾವೆ, ಸಾರಸೋಳೆ, ಕುಕ್ಷೇತಗಳು ಕಟ್ಟಡಗಳ ನಡುವೆ ಗಾವಠಾಣಗಳಾಗಿ ಉಳಿದವು. 1984ರ ಜನವರಿಯಲ್ಲಿ ಉರಣ ತಾಲ್ಲೂಕಿನ ಜಾಸಯಿ ಪ್ರದೇಶದಲ್ಲಿ ಡಿ. ಬಿ. ಪಾಟೀಲ ಅವರ ನೇತೃತ್ವದ ರೈತ ಹೋರಾಟದ ಮೇಲೆ ಗೋಲೀಬಾರು ನಡೆದು ಐವರು ಮಡಿದರು. ಸ್ವಾಧೀನವಾದ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಮೂಲ ಒಡೆಯರಿಗೆ ಮರಳಿಸುವ ಯೋಜನೆ ಆ ಹೋರಾಟದ ಫಲ. 1992ರ ಜನವರಿ 1ರಂದು ನವಿ ಮುಂಬಯಿ ಮಹಾನಗರಪಾಲಿಕೆ ಅಸ್ತಿತ್ವಕ್ಕೆ ಬಂದಿತು. 1880ರ ದಶಕದ ಠಾಣೆಯ ರೈತನಿಗೆ ರಾಬಿನ ಸೊಪ್ಪು ಕೈತಪ್ಪಿತ್ತು. ನೂರು ವರ್ಷಗಳ ತರುವಾಯ ರಾಬ್ ಹಾಸುವ ನೆಲವೇ ಕೈತಪ್ಪಿತು. ಮರಳಿ ಬಂದ ನಿವೇಶನದಲ್ಲಿ ಮನೆ ಕಟ್ಟಬಹುದು, ಸಸಿಮಡಿ ಮಾಡಲಾಗದು.

ಕರಾವಳಿಯಿಂದ ಬಂದ ಕನ್ನಡ ತುಳು ಕುಟುಂಬಗಳ ಸ್ಥಿತಿ ಬೇರೆಯಾದರೂ ಪರಿಣಾಮ ಸಮಾನವಾದುದು. ಹೋಟೆಲು, ಬ್ಯಾಂಕು, ಕಚೇರಿಗಳ ಉದ್ಯೋಗವನ್ನರಸಿ ಮುಂಬಯಿಗೆ ಬಂದು, ಅಲ್ಲಿಂದ ಖಾರಿಯನ್ನು ದಾಟಿ ನೆಲೆಸಿದ ಹಿರಿಯರೊಡನೆ ನಾವು ಮಾತನಾಡಿದಾಗ ಸುಡುಮಣ್ಣು ಎಂಬ ಪದವನ್ನು ಅರಿಯದವರು ದೊರೆಯಲಿಲ್ಲ. ಬೆಂಕಿ ಯಾವ ಹದಕ್ಕೆ ಬಂದಾಗ ಮಣ್ಣು ಏರಿಸಬೇಕು, ಹೊಗೆಯ ಬಣ್ಣ ಬದಲಾದಾಗ ಏನು ಮಾಡಬೇಕು ಎಂದು ಹೇಳಬಲ್ಲವರು ಬಹಳ ಕಡಿಮೆ. ಅವರ ಮಕ್ಕಳಿಗೆ ಪದವೂ ತಿಳಿದಿಲ್ಲ. ಬಾಲ್ಕನಿಯ ಕುಂಡದ ತಳದಲ್ಲಿ ಇಟ್ಟಿಗೆಯ ಚೂರನ್ನು ಇಡುವ ಅಭ್ಯಾಸ ಉಳಿದಿದೆ. ನಗರದಲ್ಲಿ ಸುಡುಮಣ್ಣಿನ ಗುಪ್ಪೆಗೆ ಎಡೆಯಿಲ್ಲ, ಇರಲೂ ಬಾರದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿದುದು ಉಚಿತವೇ ಆಗಿದೆ. ಒತ್ತೊತ್ತಾದ ವಸತಿಯಲ್ಲಿ ತರಗೆಲೆಯ ಹೊಗೆ ಎಲ್ಲರ ಉಸಿರಿಗೂ ಕೇಡು. ಪದ್ಧತಿಯನ್ನು ಅದು ಇದ್ದಂತೆಯೇ ಪುನರುಜ್ಜೀವನಗೊಳಿಸಬೇಕೆಂಬುದು ನಮ್ಮ ವಾದವಲ್ಲ.

ನಮ್ಮ ಸೂಚನೆ ಇಷ್ಟು. ಗೆಜೆಟಿಯರು, ಮ್ಯಾನ್ಯುಯಲ್, ಆಯೋಗದ ವರದಿಗಳನ್ನು ಆಧರಿಸಿ ಕೃಷಿಚರಿತ್ರೆಯನ್ನು ಬರೆಯುವವರು ಆ ಇಂಗ್ಲಿಷ್ ಪದಗಳ ಹಿಂದಿನ ದೇಶೀ ಧಾತುಗಳನ್ನು ಹುಡುಕಿ ಎದುರಿಗಿಟ್ಟುಕೊಂಡು ಓದಬೇಕು. 1988ರಿಂದ 1997ರವರೆಗೆ ಉಡುಪಿಯಿಂದ ಆರು ಸಂಪುಟಗಳಲ್ಲಿ ಪ್ರಕಟವಾದ ತುಳು ನಿಘಂಟು ತೋರಿಸಿಕೊಟ್ಟಂತೆ, ಆಡುಮಾತಿನ ವೃತ್ತಿಪದಗಳನ್ನು ಶಿಸ್ತಿನಿಂದ ಸಂಗ್ರಹಿಸುವುದು ಸಾಧ್ಯವಾದ ಕಾರ್ಯ. ಬೆಂಕಿ, ಮಣ್ಣು, ಸೊಪ್ಪುಗಳಿಗೆ ಸಂಬಂಧಿಸಿದ ಕನ್ನಡ, ತುಳು, ಮರಾಠಿ, ಕೊಂಕಣಿ, ಮಲಯಾಳಂ ಕ್ರಿಯಾಪದಗಳ ತುಲನಾತ್ಮಕ ಸಂಗ್ರಹವೊಂದು ತುರ್ತಾಗಿ ಆಗಬೇಕಾಗಿದೆ. ಅದಕ್ಕೆ ಕ್ಷೇತ್ರವಾಗಿ ಕರ್ನಾಟಕವೊಂದೇ ಸಾಲದು. ನೆರೂಳದಂಥ ಊರಿನಲ್ಲಿ ರಾಬ್ ಬಲ್ಲ ಆಗ್ರಿ ಮುದುಕರೂ ಸುಡುಮಣ್ಣು ಬಲ್ಲ ಕರಾವಳಿಯ ಮುದುಕಿಯರೂ ಕೆಲವೇ ಬೀದಿಗಳ ಅಂತರದಲ್ಲಿ ವಾಸಿಸುತ್ತಿದ್ದಾರೆ. ಒಬ್ಬರ ಮಾತು ಮತ್ತೊಬ್ಬರಿಗೆ ಅಷ್ಟಾಗಿ ತಿಳಿಯದಿದ್ದರೂ ಇಬ್ಬರ ಕೈಗಳೂ ಒಂದೇ ಕೆಲಸವನ್ನು ಬಲ್ಲವು. ಹೊರನಾಡಿನಲ್ಲಿರುವ ಕನ್ನಡ ಸಂಶೋಧಕರಿಗೆ ಹತ್ತಿರದಲ್ಲಿ ದೊರೆಯುವ ಈ ಆಕರವು ಇನ್ನು ಹತ್ತು ಹದಿನೈದು ವರ್ಷಗಳ ಮೇಲೆ ಎಲ್ಲಿಯೂ ದೊರೆಯಲಾರದು.